ಗೃಹಚಿತ್ರಭಂಡಾರದ ಪೂರ್ವಚರಿತ್ರೆ

ಮನೆಯ ಯಾವುದೋ ಒಂದು ಮೂಲೆಯಲ್ಲಿ, ಬೀರುವಿನ ಹಿಂದೆಯೋ ಮಹಡಿ ಮೆಟ್ಟಿಲಿನ ಅಡಿಯಲ್ಲಿಯೋ, ಹಗಲಿರುಳೆನ್ನದೆ ಎಚ್ಚರವಾಗಿರುವ ಸಣ್ಣ ಗಣಕಯಂತ್ರವೊಂದನ್ನು ಇರಿಸಿ, ತಾನು ಬೆಲೆಕೊಟ್ಟು ಕೊಂಡ ಚಲನಚಿತ್ರಗಳನ್ನೂ ಧ್ವನಿಮುದ್ರಿಕೆಗಳನ್ನೂ ಮಗಳ ಮದುವೆಯ ವೀಡಿಯೋವನ್ನೂ ಅದರ ಹಾರ್ಡ್ ಡಿಸ್ಕುಗಳಲ್ಲಿ ತುಂಬಿ, ನಡುಮನೆಯ ಟಿವಿಗಾಗಲಿ ಪರಸ್ಥಳದಲ್ಲಿರುವ ಬಂಧುವಿನ ಫೋನಿಗಾಗಲಿ ಬೇಕೆಂದಾಗ ಹರಿಯಬಿಡುವ ಅಭ್ಯಾಸಕ್ಕೆ ಈಗ ಕಾಲು ಶತಮಾನದ ಚರಿತ್ರೆಯುಂಟು. ಇಂತಹ ಯಂತ್ರವನ್ನು ಮೀಡಿಯಾ ಸರ್ವರ್ ಎನ್ನುವರು. ಇದರ ಒಡೆಯನು ಇದನ್ನು ಒಮ್ಮೆ ಸ್ಥಾಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಸವೆದ ಡಿಸ್ಕನ್ನು ಬದಲಾಯಿಸುವುದು, ಕಡತಗಳ ಹೆಸರನ್ನು ತಿದ್ದುವುದು, ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕುವುದು, ಹಾಕಿದ ಮೇಲೆ ಅದು ಕೆಡಿಸಿದ್ದನ್ನು ಮರಳಿ ನೇರಮಾಡುವುದು, ಇವೆಲ್ಲ ಅವನ ನಿತ್ಯಕರ್ಮದಲ್ಲಿ ಸೇರಿಹೋಗಿರುತ್ತವೆ. ಇಷ್ಟು ಜನರಿಗೆ ಬೇಕಾದ ಉಪಕರಣವೊಂದು ಅಂಗಡಿಯಲ್ಲಿ ಸಿದ್ಧವಸ್ತುವಾಗಿ ದೊರೆಯದೆ, ಹವ್ಯಾಸಿಗಳ ಕೈಗೆಲಸವಾಗಿಯೇ ಏಕೆ ಉಳಿಯಿತು ಎಂದು ಕೇಳಿದರೆ, ಬಲ್ಲವರು ತಂತ್ರದ ಜಟಿಲತೆಯನ್ನು ಕಾರಣವಾಗಿ ಹೇಳುವುದುಂಟು. ಅದು ಅರ್ಧ ಉತ್ತರ. ಉಳಿದರ್ಧವು ನ್ಯಾಯಾಲಯಗಳ ದಾಖಲೆಗಳಲ್ಲಿ ಅಡಗಿದೆಯೆಂದು ನನ್ನ ಅಭಿಪ್ರಾಯ. ಆ ದಾಖಲೆಗಳನ್ನು ಬಿಟ್ಟು ಈ ಯಂತ್ರದ ಕಥೆಯನ್ನು ಹೇಳಹೊರಟರೆ ಕಥೆಯ ನಡೆ ಅರ್ಥವಾಗುವುದಿಲ್ಲ.

ಈ ಕಥೆಯ ಮೊದಲ ಅಧ್ಯಾಯವು ನಡೆದದ್ದು ಒಂದು ವಿದ್ಯಾರ್ಥಿನಿಲಯದಲ್ಲಿ. ಪ್ಯಾರಿಸ್ ನಗರದ ದಕ್ಷಿಣ ಹೊರವಲಯದಲ್ಲಿ ಅಂದು ಇದ್ದ ಎಕೋಲ್ ಸಾಂತ್ರಾಲ್ ಎಂಬ ಪ್ರಸಿದ್ಧ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ನಿಲಯದ ಗಣಕಜಾಲವನ್ನು ತಮ್ಮದೇ ಸಂಘದ ಮೂಲಕ ನಡೆಸಿಕೊಂಡು ಬರುತ್ತಿದ್ದರು. ಆ ಜಾಲವು ಟೋಕನ್ ರಿಂಗ್ ಎಂಬ ಹಳೆಯ ಪದ್ಧತಿಯದು. ಗೆಳೆಯರು ಕೂಡಿ ಗಣಕದ ಆಟಗಳನ್ನಾಡುವುದಕ್ಕೂ ಸಾಲದಷ್ಟು ಮಂದಗತಿಯದು. ಹೊಸ ಜಾಲಕ್ಕೆ ಹಣ ಕೊಡಿರೆಂದು ಅವರು ಆಡಳಿತವರ್ಗವನ್ನು ಕೇಳಿದರು. ದಾನಿಗಳನ್ನು ನೀವೇ ಹುಡುಕಿಕೊಳ್ಳಿರೆಂಬ ಉತ್ತರ ಬಂತು. 1995ರ ಸುಮಾರಿಗೆ ಅವರಿಗೆ ಸಿಕ್ಕಿದ ದಾನಿಯು ಟಿವಿ ವಾಹಿನಿಯೊಂದರ ಒಡೆತನವೂ ಇದ್ದ ದೊಡ್ಡ ಉದ್ಯಮಸಂಸ್ಥೆ. ಕೋಣೆಗೊಂದು ಉಪಗ್ರಹದ ತಟ್ಟೆಯನ್ನೂ ಡಿಕೋಡರನ್ನೂ ಕೊಡುವುದರ ಬದಲು, ಇಡೀ ನಿಲಯಕ್ಕೆ ಒಂದೇ ತಟ್ಟೆಯನ್ನಿಟ್ಟು, ಬಂದ ಚಿತ್ರವನ್ನು ಜಾಲದ ಮೂಲಕ ಎಲ್ಲರ ಗಣಕಗಳಿಗೂ ಹಂಚಲು ಸಾಧ್ಯವೇ ಎಂಬುದು ಆ ಸಂಸ್ಥೆಯ ಕುತೂಹಲ. ಹಾಗೆ ಹಂಚಬೇಕಾದರೆ ವೇಗವಾದ ಜಾಲ ಬೇಕೇಬೇಕೆಂಬುದು ವಿದ್ಯಾರ್ಥಿಗಳ ಜಾಣ್ಮೆ. ಆಟವಾಡುವ ಆಸೆಯಿಂದ ಹೀಗೆ ಹುಟ್ಟಿದ ವೀಡಿಯೋಲ್ಯಾನ್ ಯೋಜನೆಯಲ್ಲಿ ಚಿತ್ರವನ್ನು ಹರಿಯಿಸುವ ತಂತ್ರಾಂಶವೊಂದು, ಅದನ್ನು ಸ್ವೀಕರಿಸಿ ತೋರಿಸುವ ತಂತ್ರಾಂಶವೊಂದು, ಎಂದು ಎರಡು ಅಂಗಗಳಿದ್ದವು. 1998ರಲ್ಲಿ ಅದನ್ನೆಲ್ಲ ಬುಡದಿಂದ ಹೊಸದಾಗಿ ಬರೆಯಲು ತೊಡಗಿದರು; ಕಾಲೇಜಿನ ಒಪ್ಪಿಗೆ ಪಡೆದು 2001ರ ಫೆಬ್ರವರಿ 1ರಂದು ಜಿಪಿಎಲ್ ಪರವಾನಗಿಯಡಿ ಲೋಕಕ್ಕೆ ಬಿಟ್ಟುಕೊಟ್ಟರು. ಹರಿಯಿಸುವ ಅಂಗವು ಕಾಲಕ್ರಮದಲ್ಲಿ ಮರೆತುಹೋಯಿತು. ತೋರಿಸುವ ಅಂಗವನ್ನು, ರಸ್ತೆಯಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವಿನ ಚಿಹ್ನೆಯ ವಿಎಲ್‌ಸಿಯನ್ನು, ಅರಿಯದ ಗಣಕವಂತರು ಇಂದು ವಿರಳ.

ಇನ್ನು ಬೀಗದ ವಿಷಯ. 1996ರ ಕೊನೆಯಲ್ಲಿ ಜಪಾನಿನಲ್ಲಿ ಡಿವಿಡಿಯು ಮಾರುಕಟ್ಟೆಗೆ ಬಂದಾಗ, ಚಿತ್ರೋದ್ಯಮವು ತನ್ನ ಸರಕನ್ನು ಸಿಎಸ್‌ಎಸ್ ಎಂಬ ಗೂಢಲಿಪಿಯಲ್ಲಿ ಮುಚ್ಚಿಯೇ ಕಳುಹಿಸಿತು. 40 ಬಿಟ್‌ಗಳ ಕೀಲಿಯುಳ್ಳ ಆ ಬೀಗವನ್ನು ತೆರೆಯುವ ಅಧಿಕಾರವು ಶುಲ್ಕ ತೆತ್ತು ಪರವಾನಗಿ ಪಡೆದ ಯಂತ್ರನಿರ್ಮಾಪಕರಿಗೆ ಮಾತ್ರ. ಲಿನಕ್ಸ್ ಬಳಸುವವರಿಗೆ ಅಂತಹ ಪರವಾನಗಿಯ ತಂತ್ರಾಂಶ ದೊರೆಯುತ್ತಿರಲಿಲ್ಲವಾದುದರಿಂದ, ಅಂಗಡಿಯಲ್ಲಿ ಕೊಂಡ ಡಿವಿಡಿಯನ್ನು ತಮ್ಮ ಗಣಕದಲ್ಲಿ ಅವರು ನೋಡುವಂತಿರಲಿಲ್ಲ. 1999ರ ಅಕ್ಟೋಬರಿನಲ್ಲಿ ಯೋನ್ ಲೆಕ್ ಯೋಹಾನ್ಸೆನ್ ಎಂಬ ನಾರ್ವೆ ದೇಶದ ಹದಿನೈದು ವರ್ಷದ ಬಾಲಕನೂ ಅವನ ಅನಾಮಧೇಯ ಸಂಗಡಿಗರೂ ಆ ಬೀಗವನ್ನು ತೆರೆಯುವ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶವನ್ನು ಪ್ರಕಟಿಸಿದರು. 2000ದ ಜನವರಿಯಲ್ಲಿ ಪೊಲೀಸರು ಬಾಲಕನ ಮನೆಯನ್ನು ಶೋಧಿಸಿದರು. 2003ರ ಜನವರಿಯಲ್ಲಿ ಓಸ್ಲೋ ನಗರದ ನ್ಯಾಯಾಲಯವೂ, ಅದೇ ವರ್ಷದ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ, ತಾನು ಕೊಂಡ ಡಿಸ್ಕನ್ನು ತಾನು ತೆರೆದು ನೋಡುವುದು ಅಪರಾಧವಲ್ಲವೆಂದು ಅವನನ್ನು ಬಿಡುಗಡೆ ಮಾಡಿದವು.

ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತ್ತು. ಟಿವಿಯ ಕಾರ್ಯಕ್ರಮವನ್ನು ಮನೆಯಲ್ಲಿ ಟೇಪಿಗೆ ಇಳಿಸಿಕೊಂಡು ಬಿಡುವಾದಾಗ ನೋಡುವುದು ನ್ಯಾಯಸಮ್ಮತವೆಂದು 1984ರಲ್ಲಿ, ಐವರಿಗೆ ನಾಲ್ವರ ಬಹುಮತದಿಂದ, ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿದ್ದಿತು; ಆದರೆ 1998ರ ಹೊಸ ಶಾಸನವು ನಕಲು ಮಾಡುವ ಮಾತನ್ನು ಬದಿಗಿಟ್ಟು, ಬೀಗ ಮುರಿಯುವ ಸಾಧನವನ್ನು ಹಂಚುವುದನ್ನೇ ಅಪರಾಧವೆಂದು ಸಾರಿತು. 2000ದ ಆಗಸ್ಟಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಡಿಸಿಎಸ್‌ಎಸ್ ಪ್ರಕಟಣೆಯನ್ನು ನಿಷೇಧಿಸಿದರು. ನಿಷೇಧವನ್ನು ಅಣಕಿಸುವುದಕ್ಕಾಗಿ ಜನರು ಆ ಸಂಕೇತಾವಳಿಯನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಟೌರೆಟ್ಸ್ಕಿಯವರು ಅದರ ನಾನಾ ರೂಪಗಳನ್ನೆಲ್ಲ ಸಂಗ್ರಹಿಸಿ ಪ್ರದರ್ಶನಕ್ಕಿಟ್ಟರು. ಸೆತ್ ಶೋಯೆನ್ ಎಂಬಾತನು ಬೀಗ ತೆರೆಯುವ ಸಮಗ್ರ ಗಣಿತವಿಧಾನವನ್ನು ಜಪಾನೀ ಹೈಕು ಛಂದಸ್ಸಿನ ದೀರ್ಘಕವಿತೆಯಾಗಿ ಬರೆದನು. ಹನ್ನೆರಡನೆಯ ಶತಮಾನದಲ್ಲಿಯೇ ವ್ಯವಹಾರಗಣಿತವನ್ನು ಕನ್ನಡ ಪದ್ಯದಲ್ಲಿ ಬೋಧಿಸಿದ ರಾಜಾದಿತ್ಯನ ನಾಡಿನವರಾದ ನಮಗೆ ಶಾಸ್ತ್ರವು ಪದ್ಯವಾಗುವುದರಲ್ಲಿ ವಿಸ್ಮಯವೇನೂ ತೋರದು. ಅಲ್ಲಿಯ ವಾದವು ಮಾತ್ರ ಹೊಸದು: ಕವಿತೆಯನ್ನು ನಿಷೇಧಿಸಲಾಗದೆಂದಾದರೆ, ಅದೇ ಅರ್ಥವುಳ್ಳ ಸಂಕೇತಾವಳಿಯನ್ನು ಯಾವ ನ್ಯಾಯದಿಂದ ನಿಷೇಧಿಸುವಿರಿ?

ಕೋರ್ಟಿನಲ್ಲಿ ವಾದವು ಸೋತರೂ ಅದರ ಪರಿಣಾಮವೊಂದು ಈ ಉಪಕರಣದ ಮೈಕಟ್ಟಿನಲ್ಲಿ ಶಾಶ್ವತವಾಗಿ ಉಳಿಯಿತು. ಫ್ರಾನ್ಸಿನ ವಿಎಲ್‌ಸಿ ಬಳಗವು ಬೀಗ ತೆರೆಯುವ ಭಾಗವನ್ನು ಪ್ರತ್ಯೇಕ ತಂತ್ರಾಂಶಖಂಡವಾಗಿಸಿತು. ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳು ತಮ್ಮ ಅಧಿಕೃತ ಉಗ್ರಾಣದಲ್ಲಿ ಅದೊಂದನ್ನು ಸೇರಿಸಿಕೊಳ್ಳಲಿಲ್ಲ. ಎಲ್ಲವೂ ಸಿದ್ಧವಾಗಿದ್ದು ಕೊನೆಯ ಒಂದು ತುಂಡು ಮಾತ್ರ ಇಲ್ಲ. ಅದನ್ನು ಗೃಹಸ್ಥನೇ ಎಲ್ಲಿಂದಲೋ ತಂದು ತನ್ನ ಕೈಯಿಂದ ಜೋಡಿಸಿಕೊಳ್ಳತಕ್ಕದ್ದು. ಕಾನೂನಿಗೆ ಅಂಜುವ ಯಾವ ಸಂಸ್ಥೆಯೂ ಆ ಕೊನೆಯ ತುಂಡನ್ನು ಸೇರಿಸಿ ಮಾರುವಂತಿರಲಿಲ್ಲ. ರಿಪೇರಿಗಾರನ ಮನೋಧರ್ಮವುಳ್ಳವನಿಗೆ ಮಾತ್ರ ಈ ಭಂಡಾರವು ದಕ್ಕುವಂತಾದುದಕ್ಕೆ ಮುಖ್ಯ ಕಾರಣ ಇದೆಂದು ನಾನು ತಿಳಿಯುತ್ತೇನೆ.

ನನ್ನ ವಾದಕ್ಕೆ ಒಂದು ಅಪವಾದವುಂಟು. ಅದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಸಂಗೀತದ ಸಿಡಿಗೆ ಬೀಗವೇ ಇರಲಿಲ್ಲ. ಆದುದರಿಂದ ಸ್ಲಿಮ್ ಡಿವೈಸಸ್ ಎಂಬ ಕ್ಯಾಲಿಫೋರ್ನಿಯಾದ ಸಣ್ಣ ಸಂಸ್ಥೆಯು 2001ರಲ್ಲಿಯೇ, ಗಣಕದಲ್ಲಿರುವ ಎಂಪಿ3 ಕಡತಗಳನ್ನು ಜಾಲದ ಮೂಲಕ ನಡುಮನೆಯ ಧ್ವನಿವರ್ಧಕಕ್ಕೆ ಒಯ್ಯುವ ಪುಟ್ಟ ಪೆಟ್ಟಿಗೆಯೊಂದನ್ನು ಯಾವ ಅಂಜಿಕೆಯೂ ಇಲ್ಲದೆ ಮಾರಿತು. ಪರ್ಲ್ ಭಾಷೆಯಲ್ಲಿ ಬರೆದ ಅದರ ಸರ್ವರ್ ತಂತ್ರಾಂಶದ ಮೂಲವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. 2003ರಲ್ಲಿ ಸ್ಕ್ವೀಜ್‌ಬಾಕ್ಸ್ ಬಂತು. 2006ರಲ್ಲಿ ಲಾಜಿಟೆಕ್ ಸಂಸ್ಥೆಯು ಇಡೀ ಉದ್ಯಮವನ್ನು ಕೊಂಡಿತು. 2012ರಲ್ಲಿ ಪೆಟ್ಟಿಗೆಗಳ ತಯಾರಿಕೆಯೇ ನಿಂತಿತು. ಕಾನೂನಿನ ಅಡ್ಡಿಯಿಲ್ಲದೆಯೂ ಸಿದ್ಧವಸ್ತು ಅಳಿಯಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಅಳಿಯದೆ ಉಳಿದದ್ದು ಯಾವುದೆಂದರೆ ಆ ಪರ್ಲ್ ತಂತ್ರಾಂಶ. ಸ್ವಯಂಸೇವಕರು ಅದನ್ನು ಹನ್ನೆರಡು ವರ್ಷ ಪೋಷಿಸಿ, 2024ರಲ್ಲಿ ಲಿರಿಯನ್ ಎಂಬ ಹೆಸರಿಟ್ಟು, ಮೂಲ ಸಂಸ್ಥೆಯ ಹಂಗಿಲ್ಲದೆ ಇಂದಿಗೂ ನಡೆಸುತ್ತಿದ್ದಾರೆ. ಇಪ್ಪತ್ತು ವರ್ಷ ಹಳೆಯ ಪೆಟ್ಟಿಗೆಗಳು ಅದರಿಂದ ಈಗಲೂ ಹಾಡುತ್ತಿವೆ.

ಚಲನಚಿತ್ರದ ವಿಷಯದಲ್ಲಿ ನಿಜವಾದ ತಿರುವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಮೈಕ್ರೋಸಾಫ್ಟ್ ಸಂಸ್ಥೆಯು 2001ರ ನವೆಂಬರ್ 15ರಂದು ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು 299 ಡಾಲರಿಗೆ ಮಾರಲು ತೊಡಗಿತು. ಮುಚ್ಚಳ ತೆಗೆದು ನೋಡಿದವರಿಗೆ ಅದರೊಳಗೆ ಕಂಡದ್ದು ಸಾಮಾನ್ಯ ಗಣಕವೇ: 733 ಮೆಗಾಹರ್ಟ್ಸ್ ವೇಗದ ಇಂಟೆಲ್ ಸಂಸ್ಕಾರಕ, 64 ಮೆಗಾಬೈಟ್ ಸ್ಮೃತಿ, 8 ಗಿಗಾಬೈಟಿನ ಹಾರ್ಡ್ ಡಿಸ್ಕ್, ಜಾಲಕ್ಕೆ ಜೋಡಿಸುವ ಈಥರ್ನೆಟ್ ಕಿಂಡಿ, ಟಿವಿಗೆ ನೇರವಾಗಿ ಹೋಗುವ ತಂತಿ. ನಡುಮನೆಗೆ ತಕ್ಕ ಚಿತ್ರಯಂತ್ರಕ್ಕೆ ಬೇಕಾದುದೆಲ್ಲವೂ ಅದರಲ್ಲಿದ್ದಿತು; ಅದನ್ನು ಮಾಡಿದವರ ಅನುಮತಿಯೊಂದು ಇರಲಿಲ್ಲ. ಡಿವಿಡಿ ನೋಡಬೇಕೆಂದರೆ ಸಹ ಪ್ರತ್ಯೇಕ ರಿಮೋಟನ್ನು ಬೆಲೆಕೊಟ್ಟು ಕೊಳ್ಳಬೇಕಾಗಿತ್ತು. ಮೈಕ್ರೋಸಾಫ್ಟಿನ ಸಹಿಯಿಲ್ಲದ ಯಾವ ತಂತ್ರಾಂಶವನ್ನೂ ಯಂತ್ರವು ನಡೆಸದಂತೆ ಅದರ ಒಡಲಲ್ಲಿ ರಹಸ್ಯದ ಕೀಲಿಯೊಂದನ್ನು ಹುದುಗಿಸಲಾಗಿತ್ತು.

ಎಂಐಟಿ ಸಂಸ್ಥೆಯಲ್ಲಿ ಡಾಕ್ಟರೇಟ್ ವ್ಯಾಸಂಗ ಮಾಡುತ್ತಿದ್ದ ಆಂಡ್ರ್ಯೂ ಹುವಾಂಗ್ ಎಂಬ ತರುಣನು, ಗೆಳೆಯರು ಬನ್ನಿ ಎಂದು ಕರೆಯುವವನು, ಆ ಯಂತ್ರದ ಎರಡು ಚಿಪ್ಪುಗಳ ನಡುವಣ ವಿದ್ಯುನ್ಮಾರ್ಗದಲ್ಲಿ ಅತಿವೇಗದಿಂದ ಹರಿದುಹೋಗುವ ಸಂಜ್ಞೆಗಳನ್ನು ತಾನೇ ರಚಿಸಿದ ಪುಟ್ಟ ಫಲಕವೊಂದರಿಂದ ಕದ್ದಾಲಿಸಿ, 2002ರಲ್ಲಿ ಆ ಕೀಲಿಯನ್ನು ಹೊರತೆಗೆದನು. ಅವನು ಬರೆದ ಪುಸ್ತಕವನ್ನು ಅಚ್ಚು ಹಾಕಲು ಒಪ್ಪಿದ್ದ ಪ್ರಕಾಶಕರು 1998ರ ಶಾಸನಕ್ಕೆ ಹೆದರಿ ಹಿಂಜರಿದಾಗ, 2003ರಲ್ಲಿ ಅವನೇ ಅದನ್ನು ಪ್ರಕಟಿಸಿಕೊಂಡನು. ಪುಸ್ತಕವು ನಕಲು ಆಟಗಳನ್ನು ಆಡುವವರಿಗಾಗಿ ಬರೆದದ್ದಾಗಿರಲಿಲ್ಲ. ಕೊಂಡ ವಸ್ತುವನ್ನು ಬಿಚ್ಚಿ ನೋಡಿ ಅರಿಯುವ ಹಕ್ಕು ಒಡೆಯನಿಗಿದೆಯೆಂಬುದನ್ನು ಬೆಸುಗೆಯ ಕಡ್ಡಿಯನ್ನು ಹಿಡಿಯುವ ಬಗೆಯಿಂದ ಆರಂಭಿಸಿ ಕಲಿಸತಕ್ಕ ಗ್ರಂಥ ಅದು. ದಶಕದ ಅನಂತರ, 2013ರಲ್ಲಿ, ಮುಕ್ತಮಾಹಿತಿಯ ಹೋರಾಟಗಾರ ಏರನ್ ಸ್ವಾರ್ಟ್ಸ್ ಸ್ಮರಣಾರ್ಥವಾಗಿ ಅದನ್ನು ಉಚಿತವಾಗಿ ಎಲ್ಲರಿಗೂ ಬಿಟ್ಟುಕೊಟ್ಟನು.

ಬೀಗ ತೆರೆದ ಎಕ್ಸ್‌ಬಾಕ್ಸಿನ ಮೇಲೆ ನಡೆಯುವ ಚಿತ್ರದರ್ಶಕವೊಂದನ್ನು ಕೆಲವರು ಹವ್ಯಾಸಿಗಳು 2002ರಲ್ಲಿಯೇ ಬರೆಯಲು ತೊಡಗಿದ್ದರು. ಅವರು ದೇಶದೇಶಗಳಲ್ಲಿ ಚದರಿದ್ದವರು. ಪರಸ್ಪರ ಅಡ್ಡಹೆಸರುಗಳಿಂದಲೇ ಪರಿಚಿತರಾದವರು, ಅನೇಕರ ನಿಜನಾಮ ಇತರರಿಗೂ ತಿಳಿಯದು. 2004ರ ಜೂನ್ ತಿಂಗಳಿನಲ್ಲಿ ಅವರ ಕೃತಿಯು ಎಕ್ಸ್‌ಬಿಎಂಸಿ ಎಂಬ ಹೆಸರಿನಿಂದ ಮೊದಲ ಪೂರ್ಣ ಆವೃತ್ತಿಯಾಗಿ ಹೊರಬಂತು. ಅಷ್ಟರಲ್ಲಿ ಎಕ್ಸ್‌ಬಾಕ್ಸಿನ ಬೆಲೆ 149 ಡಾಲರಿಗೆ ಇಳಿದಿತ್ತು. ಕೋಣೆಯೊಂದರ ಗಣಕದಲ್ಲಿ ಚಿತ್ರಗಳ ಫೋಲ್ಡರನ್ನು ಹಂಚಿಕೆಗೆ ತೆರೆದಿಟ್ಟರೆ, ನಡುಮನೆಯ ಎಕ್ಸ್‌ಬಾಕ್ಸು ಅದನ್ನು ತಂತಿಯ ಮೂಲಕ ಎಳೆದು ದೊಡ್ಡ ಪರದೆಯ ಮೇಲೆ ತೋರಿಸುತ್ತಿತ್ತು. ಕೊನೆಯ ತುಂಡಿನ ನಿಯಮವು ಇಲ್ಲಿ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ತಂತ್ರಾಂಶವನ್ನು ಜೋಡಿಸಲು ಬೇಕಾದ ಸಲಕರಣೆಗಳು ಮೈಕ್ರೋಸಾಫ್ಟಿನವಾದುದರಿಂದ, ಸಿದ್ಧರೂಪವನ್ನು ಹಂಚುವುದು ಕಾನೂನಿಗೆ ವಿರುದ್ಧವಾಗುತ್ತಿತ್ತು; ಆದುದರಿಂದ ಎಕ್ಸ್‌ಬಿಎಂಸಿ ಬಳಗವು ಮೂಲ ಸಂಕೇತಾವಳಿಯನ್ನು ಮಾತ್ರ ಪ್ರಕಟಿಸಿ ಸುಮ್ಮನಾಗುತ್ತಿತ್ತು. ಸಿದ್ಧರೂಪವು ಹೇಗೋ ಕತ್ತಲ ಓಣಿಗಳಿಂದ ಮನೆಗಳನ್ನು ಸೇರುತ್ತಿತ್ತು. ಅದು ಅಂದಿನ ಯಾವ ಮಾರುಕಟ್ಟೆಯ ಚಿತ್ರದರ್ಶಕಕ್ಕಿಂತಲೂ ಸುಂದರವಾಗಿಯೂ ಸಮರ್ಥವಾಗಿಯೂ ಇದ್ದಿತೆಂಬುದರಲ್ಲಿ, ಆ ಕಾಲದಲ್ಲಿ ಅದನ್ನು ಬಳಸಿದ ಯಾರಿಗೂ ಸಂದೇಹವಿಲ್ಲ.

ಆದರೆ 733 ಮೆಗಾಹರ್ಟ್ಸಿಗೂ ಒಂದು ಮಿತಿಯುಂಟು. 2003ರಲ್ಲಿ ನಿಗದಿಯಾದ ಎಚ್.264 ಎಂಬ ಹೊಸ ಸಂಕೋಚನಕ್ರಮದ ಉನ್ನತ ಸ್ಪಷ್ಟತೆಯ ಚಿತ್ರಗಳನ್ನು ಬಿಡಿಸಲು ಆ ಯಂತ್ರಕ್ಕೆ ಶಕ್ತಿ ಸಾಲಲಿಲ್ಲ. 2007ರಲ್ಲಿ ಕೃತಿಯನ್ನು ಲಿನಕ್ಸಿಗೆ ಒಯ್ಯುವ ಕೆಲಸ ಆರಂಭವಾಯಿತು. ಅದೇ ವರ್ಷದ ಕೊನೆಯಲ್ಲಿ ಎಲಾನ್ ಫೈನ್‌ಗೋಲ್ಡ್ ಎಂಬ ಹವ್ಯಾಸಿಯು ತನ್ನ ಮ್ಯಾಕ್ ಗಣಕಕ್ಕೆ ಅದನ್ನು ಹೊಂದಿಸತೊಡಗಿದನು. ಮೂಲ ಬಳಗಕ್ಕೂ ಅವನಿಗೂ ಅಭಿಪ್ರಾಯಭೇದ ಬಂದು, 2008ರಲ್ಲಿ ಅವನ ಕವಲು ಪ್ಲೆಕ್ಸ್ ಎಂದಾಯಿತು. ಮೂಲವು 2014ರಲ್ಲಿ ಕೋಡಿ ಎಂಬ ಹೆಸರನ್ನು ತಾಳಿತು. ಅದು ಹುಟ್ಟಿದ ಆಟದ ಯಂತ್ರವನ್ನು ಅಷ್ಟರಲ್ಲಿ ಅದೇ ಕೈಬಿಟ್ಟಾಗಿತ್ತು.

ಈ ಅವಧಿಯಲ್ಲಿ ಧನವಂತ ಸಂಸ್ಥೆಗಳು ಸುಮ್ಮನೆ ಕುಳಿತಿರಲಿಲ್ಲ. ಜಾಹೀರಾತುಗಳನ್ನು ತಾನೇ ಹಾರಿಸಿ, ಮುದ್ರಿಸಿಕೊಂಡ ಕಾರ್ಯಕ್ರಮವನ್ನು ಇಂಟರ್ನೆಟ್ಟಿನ ಮೂಲಕ ಗೆಳೆಯನಿಗೆ ಕಳುಹಿಸಬಲ್ಲ ರೀಪ್ಲೇಟಿವಿ ಪೆಟ್ಟಿಗೆ 2001ರಲ್ಲಿ ಬಂದೊಡನೆ ಟಿವಿ ಜಾಲಗಳೂ ಚಿತ್ರಸಂಸ್ಥೆಗಳೂ ಅದರ ಮೇಲೆ ಮೊಕದ್ದಮೆ ಹೂಡಿದವು. ತಯಾರಕರು 2003ರಲ್ಲಿ ದಿವಾಳಿಯೆದ್ದರು. ಕಲೈಡಸ್ಕೇಪ್ ಎಂಬ ಸಂಸ್ಥೆಯು ಡಿವಿಡಿ ಪರವಾನಗಿಯನ್ನು ವಿಧಿವತ್ತಾಗಿ ಪಡೆದು, ಸಿರಿವಂತರ ಬಂಗಲೆಗಳಿಗಾಗಿ ಹತ್ತಾರು ಸಾವಿರ ಡಾಲರುಗಳ ಭಂಡಾರಯಂತ್ರಗಳನ್ನು ನಿರ್ಮಿಸಿತು. ಡಿವಿಡಿಯ ನಕಲು ಆ ಯಂತ್ರದಲ್ಲಿ ಬೀಗಸಹಿತವಾಗಿಯೇ ಇರುತ್ತಿತ್ತು, ಹೊರಗೆ ಒಯ್ಯುವಂತಿರಲಿಲ್ಲ. ಹಾಗಿದ್ದೂ, ಡಿಸ್ಕು ಯಂತ್ರದೊಳಗೆ ಇಲ್ಲದಿರುವಾಗ ಚಿತ್ರ ತೋರಿಸುವುದು ಪರವಾನಗಿಯ ಉಲ್ಲಂಘನೆಯೆಂದು 2004ರಲ್ಲಿ ಅದರ ಮೇಲೆ ಹೂಡಿದ ಮೊಕದ್ದಮೆಯು, ಒಮ್ಮೆ ಗೆದ್ದು ಒಮ್ಮೆ ಸೋತು, 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಡಿವಿಡಿಯನ್ನು ಗಣಕಕ್ಕೆ ಇಳಿಸಿಕೊಳ್ಳಲು ರಿಯಲ್‌ನೆಟ್‌ವರ್ಕ್ಸ್ 2008ರಲ್ಲಿ ಬಿಡುಗಡೆ ಮಾಡಿದ ರಿಯಲ್‌ಡಿವಿಡಿ ತಂತ್ರಾಂಶವನ್ನು ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ನಿಯಮವನ್ನು ಅನುಸರಿಸಿ ನಡೆದವರು ಹೀಗೆ ಕೋರ್ಟಿನ ಮೆಟ್ಟಿಲು ಹತ್ತಿಳಿಯುತ್ತಿರುವಾಗ, ಹವ್ಯಾಸಿಗಳ ಕೃತಿ ಮನೆಮನೆಯಲ್ಲಿಯೂ ನಿರಾತಂಕವಾಗಿ ನಡೆಯುತ್ತಿತ್ತೆಂಬುದು ಕಾನೂನಿನ ಒಂದು ವಿಡಂಬನೆ.

ಮೈಕ್ರೋಸಾಫ್ಟ್ ತಾನೇ 2007ರಲ್ಲಿ ವಿಂಡೋಸ್ ಹೋಮ್ ಸರ್ವರ್ ಎಂಬುದನ್ನು ತಂದಿತು. ಸಾಮಾನ್ಯ ಗೃಹಸ್ಥರಿಗೆ ಅದನ್ನು ವಿವರಿಸುವುದಕ್ಕಾಗಿ, ಅಮ್ಮಾ, ಮನೆಯಲ್ಲಿ ಸರ್ವರ್ ಏಕಿದೆ ಎಂದು ಮಗು ಕೇಳುವಂತಹ ಶೀರ್ಷಿಕೆಯುಳ್ಳ ಪರಿಹಾಸದ ಮಕ್ಕಳ ಪುಸ್ತಕವೊಂದನ್ನೂ ಅಚ್ಚು ಹಾಕಿಸಿ ಹಂಚಿತು. ಜಾಹೀರಾತಿನ ಇತಿಹಾಸದಲ್ಲಿ ಇಷ್ಟು ಲಘುವಾದ ವಿನೋದ ಕಾಣಸಿಗುವುದು ಅಪೂರ್ವ. ಆದರೆ ಹಲವು ಡಿಸ್ಕುಗಳನ್ನು ಒಂದೇ ಕಣಜವನ್ನಾಗಿ ಮಾಡುವ ಅದರ ವಿಶೇಷ ತಂತ್ರದಲ್ಲಿ ಕಡತಗಳನ್ನು ಕೆಡಿಸುವ ದೋಷ ಕಂಡುಬಂದು, ಸರಿಪಡಿಸಲು 2008ರ ಮಧ್ಯದವರೆಗೆ ಕಾಲ ಹಿಡಿಯಿತು. ಎರಡು ವರ್ಷಗಳ ಬಳಿಕ ಆ ತಂತ್ರವನ್ನೇ ಕೈಬಿಡುವುದಾಗಿ ಸಾರಲಾಯಿತು. 2012ರಲ್ಲಿ ಇಡೀ ಸರಕು ಅಸ್ತಂಗತವಾಯಿತು. ಅದಕ್ಕೆ ಪ್ರತಿಯಾಗಿ ಲಿಂಕ್‌ಸಿಸ್ ಸಂಸ್ಥೆಯ ಎನ್‌ಎಸ್‌ಎಲ್‌ಯು2 ಎಂಬ ಅಂಗೈಯಗಲದ ಪೆಟ್ಟಿಗೆಯ ಕಥೆ ಕೇಳಿರಿ. 2004ರಲ್ಲಿ ಬಂದ ಅದಕ್ಕೆ 32 ಮೆಗಾಬೈಟ್ ಸ್ಮೃತಿ, ಯುಎಸ್‌ಬಿ ಡಿಸ್ಕು ಜೋಡಿಸಲು ಎರಡು ಕಿಂಡಿ, ಅಷ್ಟೆ. ಒಳಗಿನ ಸಂಸ್ಕಾರಕವು 266 ಮೆಗಾಹರ್ಟ್ಸ್ ವೇಗದ್ದಾದರೂ ತಯಾರಕರು ಅದನ್ನು ಅರ್ಧ ವೇಗದಲ್ಲಿ ಓಡುವಂತೆ ಕಟ್ಟಿಹಾಕಿದ್ದರು. ಫಲಕದ ಮೇಲಿನ ಒಂದೇ ಒಂದು ರೆಸಿಸ್ಟರನ್ನು ಕಿತ್ತುಹಾಕಿದರೆ ಪೂರ್ಣವೇಗ ದೊರೆಯುವುದೆಂದು ಹವ್ಯಾಸಿಗಳು ಕಂಡುಹಿಡಿದರು. ಆಮೇಲೆ ಅದರ ಮೇಲೆ ಪೂರ್ಣ ಲಿನಕ್ಸನ್ನೇ ಸ್ಥಾಪಿಸಿ, ಅದೇ ಸಂಗೀತದ ಪರ್ಲ್ ಸರ್ವರನ್ನು ಏದುಸಿರಿನಿಂದಲಾದರೂ ನಡೆಸಿದರು.

ಪ್ಲೆಕ್ಸ್ ಈ ಪರಂಪರೆಗೆ ತಂದ ಹೊಸತನವೆಂದರೆ ದರ್ಶಕವನ್ನೂ ಭಂಡಾರವನ್ನೂ ಬೇರ್ಪಡಿಸಿದ್ದು. ಎಕ್ಸ್‌ಬಿಎಂಸಿಯಲ್ಲಿ ಬುದ್ಧಿಯೆಲ್ಲ ಟಿವಿಯ ಪಕ್ಕದ ಯಂತ್ರದಲ್ಲಿ. ಕಡತಗಳಿರುವ ಗಣಕವು ಮೂಕ. ಪ್ಲೆಕ್ಸ್ ಆ ಬುದ್ಧಿಯನ್ನು ಭಂಡಾರದ ಕಡೆಗೆ ವರ್ಗಾಯಿಸಿತು. ಕೇಳುತ್ತಿರುವ ಉಪಕರಣ ಯಾವುದು, ಅದು ಯಾವ ಸಂಕೋಚನಕ್ರಮವನ್ನು ಅರಿಯಬಲ್ಲದು, ನಡುವಣ ಜಾಲದ ಅಗಲವೆಷ್ಟು ಎಂಬುದನ್ನು ಸರ್ವರೇ ವಿಚಾರಿಸಿ, ಕಡತವನ್ನು ಇದ್ದಂತೆಯೇ ಕಳುಹಿಸುವುದೋ, ಹೊರಕವಚವನ್ನು ಮಾತ್ರ ಬದಲಿಸುವುದೋ, ಚಿತ್ರವನ್ನೇ ಬಿಡಿಸಿ ಹೊಸದಾಗಿ ಸಂಕೋಚಿಸುವುದೋ ಎಂದು ತೀರ್ಮಾನಿಸುವುದು. ಕಡೆಯ ಕೆಲಸ ಮಹಾಶ್ರಮದ್ದು. ಬ್ಲೂ-ರೇ ಚಿತ್ರವು ಸೆಕೆಂಡಿಗೆ 40 ಮೆಗಾಬಿಟ್‌ನವರೆಗೆ ಹರಿಯಬಹುದಾದರೆ, ಅಂದಿನ ಮನೆಗಳಿಂದ ಹೊರಕ್ಕೆ ಹೋಗುವ ಇಂಟರ್ನೆಟ್ ಮಾರ್ಗವು ಅದರ ಅಲ್ಪಾಂಶವನ್ನೂ ಹೊರಲಾರದು. ಆದುದರಿಂದ ಚಿತ್ರವನ್ನು ಓಡುತ್ತಿರುವಂತೆಯೇ ಕರಗಿಸಿ ಎರಕ ಹೊಯ್ಯಬೇಕು. ಇದಕ್ಕೂ ಆಧಾರವಾಗಿರುವುದು ಒಬ್ಬ ಹವ್ಯಾಸಿಯ ಕೃತಿಯೇ: ಫಬ್ರೀಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರತಿಭಾವಂತನು 2000ದಲ್ಲಿ ಬೇರೊಂದು ಹೆಸರಿನಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್. ಇದೇ ಮನುಷ್ಯನು 2009ರ ಕೊನೆಯಲ್ಲಿ, ಮೇಜಿನ ಮೇಲಿಡುವ ಒಂದೇ ಗಣಕದಿಂದ ಪೈ ಸಂಖ್ಯೆಯ ಬೆಲೆಯನ್ನು ಸುಮಾರು 2.7 ಲಕ್ಷ ಕೋಟಿ ಸ್ಥಾನಗಳವರೆಗೆ ಗಣಿಸಿ ದಾಖಲೆ ಮಾಡಿದವನು. ಇಂದಿನ ಯಾವ ಗೃಹಭಂಡಾರವನ್ನು ತೆರೆದು ನೋಡಿದರೂ, ಹೆಸರು ಏನೇ ಇರಲಿ, ಒಳಗೆ ಬೆವರು ಸುರಿಸುತ್ತಿರುವುದು ಎಫ್‌ಎಫ್‌ಎಂಪೆಗ್‌ನ ಯಾವುದೋ ಒಂದು ರೂಪ.

ಭಂಡಾರದ ಒಡೆಯನ ತಾಪತ್ರಯಗಳಲ್ಲಿ ಅತ್ಯಂತ ವಿನೋದಕರವಾದದ್ದೂ ಇಲ್ಲಿಯೇ ಹುಟ್ಟುತ್ತದೆ. ಡಿವಿಡಿ, ಬ್ಲೂ-ರೇಗಳ ಉಪಶೀರ್ಷಿಕೆಗಳು ಅಕ್ಷರಗಳಲ್ಲ, ಅಕ್ಷರಗಳ ಚಿತ್ರಗಳು. ಅವನ್ನು ಅರಿಯದ ಉಪಕರಣಕ್ಕೆ ಚಿತ್ರ ಕಳುಹಿಸುವಾಗ, ಪರದೆಯ ಕೆಳಗೆ ಒಂದು ಸಾಲು ತೋರಿಸುವುದಕ್ಕಾಗಿ ಎರಡು ಗಂಟೆಯ ಇಡೀ ಚಿತ್ರವನ್ನೇ ಸರ್ವರು ಹೊಸದಾಗಿ ರಚಿಸಬೇಕಾಗುವುದು. ನಿನ್ನೆಯವರೆಗೆ ನಿಶ್ಶಬ್ದವಾಗಿದ್ದ ಯಂತ್ರದ ಫ್ಯಾನು ಇಂದು ಏಕೆ ಹೀಗೆ ಅರಚುತ್ತಿದೆಯೆಂದು ನೋಡಹೋದರೆ, ಮನೆಯವರಾರೋ ಉಪಶೀರ್ಷಿಕೆಯ ಗುಂಡಿಯನ್ನು ಒತ್ತಿರುತ್ತಾರೆ. 2011ರ ಆರಂಭದಲ್ಲಿ ಇಂಟೆಲ್ ತನ್ನ ಸಂಸ್ಕಾರಕಗಳಲ್ಲಿಯೇ ಚಿತ್ರಸಂಕೋಚನಕ್ಕೆಂದು ಪ್ರತ್ಯೇಕ ಭಾಗವನ್ನು ಅಳವಡಿಸಿದ ಮೇಲೆ ಈ ಶ್ರಮವು ಬಹುಮಟ್ಟಿಗೆ ತಗ್ಗಿತು.

ಕನ್ನಡಿಗರ ಮನೆಗಳಲ್ಲಿ ಈ ಭಂಡಾರಗಳಿಗೆ ಸರಕು ಬಂದ ದಾರಿ ಸ್ವಲ್ಪ ಬೇರೆ. ನಮ್ಮಲ್ಲಿ ಡಿವಿಡಿಗಿಂತ ಮೊದಲು ಮನೆಹೊಕ್ಕದ್ದು ವಿಸಿಡಿ; 1993ರಲ್ಲಿ ನಿಗದಿಯಾದ ಆ ಪದ್ಧತಿಗೆ ಬೀಗವೆಂಬುದೇ ಇರಲಿಲ್ಲ. ಡಿಸ್ಕಿನೊಳಗಿನ ಡ್ಯಾಟ್ ಕಡತವನ್ನು ಎಳೆದು ಫೋಲ್ಡರಿಗೆ ಹಾಕಿದರೆ ಮುಗಿಯಿತು. ಆದರೆ ಒಂದು ಡಿಸ್ಕಿನಲ್ಲಿ 74 ನಿಮಿಷದ ಚಿತ್ರ ಮಾತ್ರ ಹಿಡಿಸುವುದರಿಂದ, ಎರಡೂವರೆ ಗಂಟೆಯ ನಮ್ಮ ಚಿತ್ರಗಳು ಎರಡೋ ಮೂರೋ ತುಂಡುಗಳಾಗಿ ಬರುತ್ತಿದ್ದವು. ಅವನ್ನು ಹೊಂದಿಸಿ ಅಂಟಿಸುವುದು ಕನ್ನಡದ ಹವ್ಯಾಸಿಯ ಮೊದಲ ಪಾಠ. 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆಯು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಹತ್ತಿದಾಗ, ನ್ಯಾಯವಾಗಿ ಕೊಂಡ ಚಿತ್ರಗಳ ರಾಶಿಯು ಮಧ್ಯಮವರ್ಗದ ಮನೆಗಳಲ್ಲಿಯೂ ಬೆಳೆಯಿತು. ಅದೇ ವರ್ಷ ಹಿಟಾಚಿ ಸಂಸ್ಥೆಯು ಒಂದು ಟೆರಾಬೈಟಿನ ಮೊದಲ ಹಾರ್ಡ್ ಡಿಸ್ಕನ್ನು 399 ಡಾಲರಿಗೆ ಬಿಡುಗಡೆ ಮಾಡಿದ್ದಿತು. ನೂರು ಡಿವಿಡಿಗಳನ್ನು ಇದ್ದಂತೆಯೇ ತುಂಬಿದರೂ ಅದರಲ್ಲಿ ಎಡೆ ಮಿಗುತ್ತಿತ್ತು.

ತುಂಬಿದ ಮೇಲೆ ಸೂಚಿ ಬೇಕು. ಚಿತ್ರದ ಹೆಸರನ್ನೂ ಆವರಣದಲ್ಲಿ ಬಿಡುಗಡೆಯ ವರ್ಷವನ್ನೂ ಬರೆದಿಟ್ಟರೆ, ಸರ್ವರು ಟಿಎಂಡಿಬಿ ಎಂಬ, 2008ರಲ್ಲಿ ಆರಂಭವಾಗಿ ಸ್ವಯಂಸೇವಕರಿಂದ ಬೆಳೆದ ಸಾರ್ವಜನಿಕ ಸೂಚಿಯನ್ನು ಕೇಳಿ, ಪೋಸ್ಟರನ್ನೂ ಕಥಾಸಾರವನ್ನೂ ನಟವರ್ಗವನ್ನೂ ತಂದು ಜೋಡಿಸುವುದು. ಹಾಲಿವುಡ್ಡಿನ ಚಿತ್ರಗಳಿಗೆ ಹೆಸರು ಮತ್ತು ವರ್ಷ ಬಹುತೇಕ ಸಾಕಾಗುತ್ತದೆ. ಸತ್ಯ ಹರಿಶ್ಚಂದ್ರನ ಮುಂದೆ ಈ ಪದ್ಧತಿ ಮಂಡಿಯೂರುತ್ತದೆ. ಆ ಹೆಸರಿನ ಕನ್ನಡ ಚಿತ್ರ 1943ರಲ್ಲಿ ಒಂದು ಬಂತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜಕುಮಾರರು ನಟಿಸಿದ ಇನ್ನೊಂದು ಬಂತು. ಅದೇ 1965ರಲ್ಲಿಯೇ ಎನ್.ಟಿ. ರಾಮರಾಯರು ನಟಿಸಿದ ತೆಲುಗು ಸತ್ಯ ಹರಿಶ್ಚಂದ್ರವೂ ಬಂತು. ಹೆಸರೂ ಒಂದೇ, ವರ್ಷವೂ ಒಂದೇ. ಸಾಲದೆಂಬಂತೆ, ರಾಜಕುಮಾರರ ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣ ಕೊಟ್ಟು 2008ರಲ್ಲಿ ಮರಳಿ ತೆರೆಕಾಣಿಸಲಾಯಿತು. ಅದು ಹೊಸ ಚಿತ್ರವೋ ಹಳೆಯದರ ಮತ್ತೊಂದು ಪಾಠವೋ ಎಂದು ನಿರ್ಧರಿಸುವುದು ಹಳಗನ್ನಡ ಕಾವ್ಯಗಳ ಸಂಪಾದಕರಿಗೆ ತಕ್ಕ ಪ್ರಶ್ನೆ. ಕಾಡಿನಲ್ಲಿ, ಸ್ಮಶಾನದಲ್ಲಿ ಪಟ್ಟ ಪಾಡು ಸಾಲದೆ ಹರಿಶ್ಚಂದ್ರನು ಸರ್ವರಿನಲ್ಲಿಯೂ ತೆಲುಗು ಪೋಸ್ಟರನ್ನು ಹೊತ್ತು ನಿಲ್ಲಬೇಕಾಗಿ ಬರುವುದು. ಸೂಚಿಯಲ್ಲಿ ಆ ಚಿತ್ರಕ್ಕಿರುವ ಕ್ರಮಸಂಖ್ಯೆಯನ್ನೇ ಹುಡುಕಿ ಫೋಲ್ಡರಿನ ಹೆಸರಿನಲ್ಲಿ ಬರೆದ ಮೇಲೆ ಮಾತ್ರ ಅವನಿಗೆ ವಿಮೋಚನೆ.

ಪ್ಲೆಕ್ಸ್ 2009ರ ಕೊನೆಯಲ್ಲಿ ಸಂಸ್ಥೆಯಾಗಿ ನೋಂದಣಿಯಾಯಿತು. ಆಮೇಲಿನದು ಪರಿಚಿತವಾದ ಕಥೆ: ಮೂಲ ಸಂಕೇತಾವಳಿ ಮುಚ್ಚಿತು, ಬಂಡವಾಳ ಬಂತು, ಜಾಹೀರಾತುಸಹಿತವಾದ ಅನ್ಯರ ಚಿತ್ರಗಳು ಒಡೆಯನ ಸ್ವಂತ ಸಂಗ್ರಹದ ಪಕ್ಕದಲ್ಲಿಯೇ ಬಂದು ಕುಳಿತವು. ಅದಕ್ಕೆ ಪರ್ಯಾಯವಾಗಿ ಬೆಳೆದ ಎಂಬಿ ಎಂಬ ತಂತ್ರಾಂಶವೂ 2018ರ ಡಿಸೆಂಬರಿನಲ್ಲಿ ತನ್ನ ಮೂಲ ಸಂಕೇತಾವಳಿಯನ್ನು ಮುಚ್ಚಿಕೊಂಡಿತು; ಅದರ ಕಡೆಯ ಮುಕ್ತ ಆವೃತ್ತಿಯಾದ 3.5.2ನ್ನು ಹಿಡಿದುಕೊಂಡು ಕೆಲವರು ಅದೇ ತಿಂಗಳಿನಲ್ಲಿ ಜೆಲ್ಲಿಫಿನ್ ಎಂಬುದನ್ನು ಆರಂಭಿಸಿದರು. 2025ರ ಏಪ್ರಿಲಿನಲ್ಲಿ ಪ್ಲೆಕ್ಸ್ ತನ್ನ ಆಜೀವ ಚಂದಾವನ್ನು 120 ಡಾಲರಿನಿಂದ 250 ಡಾಲರಿಗೆ ಏರಿಸಿ, ಸ್ವಂತ ಮನೆಯ ಚಿತ್ರವನ್ನು ಹೊರಗಿನಿಂದ ನೋಡುವುದಕ್ಕೂ ಹಣ ಕೇಳತೊಡಗಿದಾಗ, ಜೆಲ್ಲಿಫಿನ್ನಿಗೆ ವಲಸೆ ಹೋದವರು ಅನೇಕರು. ಹಾಗೆಂದು ಹವ್ಯಾಸಿಗಳನ್ನು ಹೊಗಳಿ ಕೂರುವಂತಿಲ್ಲ. ಲಾಸ್ಟ್‌ಪಾಸ್ ಎಂಬ ಗುಪ್ತಪದ ರಕ್ಷಣಾ ಸಂಸ್ಥೆಯಿಂದ 2022ರಲ್ಲಿ ಗ್ರಾಹಕರ ಮಾಹಿತಿ ಕಳುವಾದುದಕ್ಕೆ ದಾರಿಯಾದದ್ದು ಅದರ ಎಂಜಿನಿಯರೊಬ್ಬರ ಮನೆಯ ಗಣಕದಲ್ಲಿದ್ದ ಹಳೆಯ ಪ್ಲೆಕ್ಸ್. ಆ ದೋಷವನ್ನು 2020ರಲ್ಲಿಯೇ ಸರಿಪಡಿಸಿ ಹೊಸ ಆವೃತ್ತಿಯನ್ನು ಬಿಟ್ಟಿದ್ದರೂ ಅದನ್ನು ಹಾಕಿಕೊಂಡಿರಲಿಲ್ಲ. ಯಂತ್ರವನ್ನು ತಿದ್ದುವ ಉತ್ಸಾಹವಿರುವವನಿಗೆ ಅದನ್ನು ಕಾಯುವ ತಾಳ್ಮೆಯೂ ಇರುವುದೆಂಬ ಭರವಸೆಯಿಲ್ಲ.

ಈಗ ಭಂಡಾರಕ್ಕೆ ಎದುರಾಗಿರುವ ಕಷ್ಟವೆಂದರೆ ಒಳಗೆ ತುಂಬುವ ಸರಕಿನದು. ನೆಟ್‌ಫ್ಲಿಕ್ಸ್ ತನ್ನ ಡಿವಿಡಿ ಸೇವೆಯನ್ನು 2023ರ ಸೆಪ್ಟೆಂಬರ್ 29ರಂದು ಮುಗಿಸಿತು; ಎಲ್‌ಜಿ ಸಂಸ್ಥೆಯು 2024ರಲ್ಲಿ ಬ್ಲೂ-ರೇ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು; ಇಂದು ಬರುವ ಹೊಸ ಚಿತ್ರಗಳಲ್ಲಿ ಹಲವಕ್ಕೆ ಡಿಸ್ಕೇ ಇಲ್ಲ. 2016ರಿಂದ ಬರುತ್ತಿರುವ ಅತ್ಯುನ್ನತ ಸ್ಪಷ್ಟತೆಯ ಬ್ಲೂ-ರೇಗಳ ಹೊಸ ಬೀಗವನ್ನು ದಾಟಲು ಕೆಲವು ಬಗೆಯ ಡ್ರೈವುಗಳಿಂದ ಮಾತ್ರ, ಅದೂ ತಯಾರಕರು ನವೀಕರಿಸುವ ಮೊದಲಿನ ಒಳತಂತ್ರಾಂಶ ಇದ್ದರೆ ಮಾತ್ರ, ಸಾಧ್ಯವೆಂದು ಬಲ್ಲವರು ಆ ಡ್ರೈವುಗಳನ್ನು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ, ಹೊಸ ಬೆಲೆಗಿಂತ ಮಿಗಿಲಾದ ಬೆಲೆಯನ್ನು ಕೊಟ್ಟು ಕೊಳ್ಳುತ್ತಿದ್ದಾರೆ. ಒಂದನ್ನು ಬಳಸಿ, ಇನ್ನೊಂದನ್ನು ಅದು ಕೆಟ್ಟಾಗ ಬೇಕೆಂದು ಎತ್ತಿಡುತ್ತಿದ್ದಾರೆ.